ಬೀಜದ ಲೆಕ್ಕದಲ್ಲಿ ನಂಬಿಕೆಗೆ ಜಾಗ ಇರಬೇಕೇ?

ಪರ: ನಂಬಿಕೆಯನ್ನು ಬರೆದಿಟ್ಟೇ ಲೆಕ್ಕ ಹಾಕಬೇಕು

ಸಂಖ್ಯಾಶಾಸ್ತ್ರದಲ್ಲಿ ಎರಡು ಪಂಥಗಳಿವೆ. ಎಣಿಸಿದ್ದಷ್ಟೇ ಸತ್ಯ ಎನ್ನುವುದು ಒಂದು, ಮೊದಲೇ ತಿಳಿದದ್ದನ್ನೂ ಲೆಕ್ಕಕ್ಕೆ ಸೇರಿಸಬೇಕು ಎನ್ನುವುದು ಇನ್ನೊಂದು. ಎರಡನೆಯದೇ ಸರಿ.

ಜಗಳೂರಿನ ಕಡೆ ಮುಂಗಾರಿಗೆ ಮೊದಲು ಮೆಕ್ಕೆಜೋಳದ 20 ಕಾಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟಾಗ 14 ಮೊಳೆತವು ಎನ್ನಿ. ಶೇ. 70 ಆಯಿತು. ಹಾಗಂತ ಬೀಜ ವಾಪಸ್ ಕೊಡಬೇಕೇ? ಇಷ್ಟು ಕಡಿಮೆ ಕಾಳಿನ ಫಲಿತಾಂಶ ಆಚೀಚೆ 20 ಅಂಶ ಅಲ್ಲಾಡುತ್ತದೆ. ನಿಜವಾದ ಮೊಳಕೆ ಶೇ. 50 ಇರಬಹುದು, 90ರ ಹತ್ತಿರವೂ ಇರಬಹುದು. ಅದೇ ತಳಿ ಹಿಂದಿನ ವರ್ಷಗಳಲ್ಲಿ ಶೇ. 90ರಷ್ಟು ಮೊಳೆತಿದ್ದು ಗೊತ್ತಿದ್ದೂ ಮರೆಯುವುದು ಯಾವ ನ್ಯಾಯ?

ಇಂಗ್ಲೆಂಡಿನ ಪಾದ್ರಿ, ಗಣಿತಜ್ಞ ಥಾಮಸ್ ಬೇಸ್ ತೀರಿಕೊಂಡ ಮೇಲೆ, 1763ರಲ್ಲಿ ಪ್ರಕಟವಾದ ಅವರ ಪ್ರಬಂಧ ಇದಕ್ಕೆ ದಾರಿ ತೋರಿತು. ಹಳೆಯ ಅನುಭವವನ್ನು ಇನ್ನೂ 20 ಕಾಳು ಪರೀಕ್ಷಿಸಿದ್ದಕ್ಕೆ ಸಮ ಎಂದು ತೂಗಿ, ಅದರಲ್ಲಿ 18 ಮೊಳೆತವು ಎಂದು ಬರೆಯಿರಿ. 18ಕ್ಕೆ 14 ಕೂಡಿಸಿ 40ರಿಂದ ಭಾಗಿಸಿದರೆ ಶೇ. 80. ಕಟ್ಟುನಿಟ್ಟು ಒಂದೇ: ಈ ತೂಕವನ್ನು ಗೋಣಿತಾಟು ಬಿಚ್ಚುವ ಮೊದಲೇ ಬರೆದಿಡಬೇಕು.

ನಂಬಿಕೆ ಬೇಡ ಎನ್ನುವವರಿಗೂ ಅವರದೇ ನಂಬಿಕೆ ಇದೆ. ಬರೀ ಆಕಸ್ಮಿಕದಿಂದ ಇಂಥ ಫಲಿತಾಂಶ ಬರುವ ಸಂಭವ ಇದಕ್ಕಿಂತ ಕಡಿಮೆ ಇದ್ದರೆ ಮಾತ್ರ ಫಲಿತಾಂಶವನ್ನು ಒಪ್ಪು ಎನ್ನುವ 0.05 ಎಂಬ ಗೆರೆ ಯಾವ ಪ್ರಮೇಯದಿಂದಲೂ ಹುಟ್ಟಿದ್ದಲ್ಲ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 1925ರಲ್ಲಿ ಅನುಕೂಲಕ್ಕೆಂದು ಸೂಚಿಸಿದ್ದು ಆಮೇಲೆ ಶಾಸನವೇ ಆಯಿತು: 0.049 ಬಂದರೆ ಪಾಸು, 0.051 ಬಂದರೆ ಫೇಲು.

ವಿರೋಧ: ಯಾರ ನಂಬಿಕೆ?

ಆ 18 ಎಲ್ಲಿಂದ ಬಂತು? ಬೀಜ ಮಾರುವವರು “ನಮ್ಮದು 200ಕ್ಕೆ 190 ಮೊಳೆಯುತ್ತದೆ” ಎಂದು ಮೊದಲೇ ಬರೆದಿಟ್ಟರೆ, ಅದೇ 14 ಮೊಳಕೆಗೆ ಉತ್ತರ ಶೇ. 93ರ ಹತ್ತಿರ ಬರುತ್ತದೆ. ತಾಟಿನ ಮೇಲೆ ಆರು ಕಾಳು ಕೊಳೆತು ಬಿದ್ದಿವೆ, ಕಾಗದದಲ್ಲಿ ಬೀಜ ಉತ್ತಮ! ಹಳೆಯ ವರ್ಷದ ಬೀಜಕ್ಕೂ ಈ ವರ್ಷ ಗೋದಾಮಿನಲ್ಲಿ ತೇವ ಹಿಡಿದ ಲಾಟಿಗೂ (ಒಟ್ಟಿಗೆ ಬಂದ ಬೀಜದ ರಾಶಿಗೂ) ಏನು ಸಂಬಂಧ?

ಕಾಳು ಸಾಲದಿದ್ದರೆ ಇನ್ನಷ್ಟು ಕಾಳು ಎಣಿಸಬೇಕು. ಬೀಜ ಪರೀಕ್ಷಾ ಪ್ರಯೋಗಾಲಯದ ಕ್ರಮ 400 ಕಾಳು, ನೂರರಂತೆ ನಾಲ್ಕು ಪಾಲು. ಮೆಕ್ಕೆಜೋಳಕ್ಕೆ 4ನೇ ದಿನ ಮೊದಲ ಎಣಿಕೆ, 7ನೇ ದಿನ ಕೊನೆಯದು. ಬೇರು ಬಂದಿದ್ದರೂ ಕುಡಿ ಒಡೆಯದ ಸಸಿಯನ್ನು ಮೊಳೆತದ್ದೆಂದು ಎಣಿಸುವಂತಿಲ್ಲ. ಮನೆಯಲ್ಲಿ ನೋಡುವವರು ಹೆಚ್ಚಾಗಿ ತಪ್ಪುವುದು ಇಲ್ಲೇ. 400ರಲ್ಲಿ 280 ಮೊಳೆತರೆ ಅಲ್ಲಾಟ ನಾಲ್ಕೂವರೆ ಅಂಶಕ್ಕೆ ಇಳಿಯುತ್ತದೆ. ಆಗ 20ಕ್ಕೆ 18ರ ನಂಬಿಕೆ ಸೇರಿಸಿದರೂ ಬರುವುದು ಶೇ. 71 ಮಾತ್ರ. ಕಾಳು ಸಾಕಷ್ಟಿದ್ದರೆ ನಂಬಿಕೆಯಿಂದ ಏನೂ ಬದಲಾಗುವುದಿಲ್ಲ, ಕಾಳು ಕಡಿಮೆ ಇದ್ದಾಗ ತೀರ್ಪು ಕೊಡುವುದೇ ಅದು.

0.05ರ ಬಗೆಗಿನ ದೂರು ನ್ಯಾಯವಾದದ್ದು. ಪಾಸು-ಫೇಲು ಬಿಟ್ಟು, ಅಂದಾಜನ್ನೂ ಅಲ್ಲಾಟವನ್ನೂ ಜೊತೆಗೇ ಬರೆದರೆ ಆಯಿತು. ಅದಕ್ಕಿಂತ ಎಚ್ಚರ ಬೇಕಾದದ್ದು ಮಾದರಿ ತೆಗೆಯುವಾಗ. 400 ಕಾಳನ್ನೂ ಒಂದೇ ಪ್ಯಾಕೆಟ್ಟಿನಿಂದ ತೆಗೆದರೆ ಸಿಗುವುದು ಆ ಪ್ಯಾಕೆಟ್ಟಿನ ಮೊಳಕೆ, ಲಾಟಿನದಲ್ಲ.