ಮೊದಲು ಬದಲಾವಣೆ, ಆಮೇಲೆ ಪರೀಕ್ಷೆ

ಹಳೆಯ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಿ ಸಂಜೆ ಆಗದಿದ್ದರೆ, ಅಥವಾ ಓಡುತ್ತಿರುವಾಗಲೇ ಅರೆಕ್ಷಣ ಕರೆಂಟು ಕಳೆದುಕೊಂಡು ಏನೂ ಆಗದಂತೆ ಮುಂದುವರಿದರೆ, ಅದರ ಕಾರಣ ಕಂಡುಹಿಡಿಯಲು ದುರಸ್ತಿಲೋಕವು ಒಂದು ಅನುಕ್ರಮವನ್ನು ಶಾಸ್ತ್ರೋಕ್ತವಾಗಿ ಪಾಲಿಸಿಕೊಂಡು ಬಂದಿದೆ. ಮೊದಲು ಬ್ಯಾಟರಿ, ನಂತರ ಸೆಲ್ಫ್ ಮೋಟಾರು, ಆನಂತರ ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್, ಅದಕ್ಕೂ ಬಗ್ಗದಿದ್ದರೆ ಫ್ಯೂಯಲ್ ಪಂಪ್. ಒಂದೊಂದನ್ನೇ ಕಳಚಿ ಹೊಸದನ್ನು ಹಾಕುತ್ತ ಹೋದರೆ ಎಂದಾದರೊಂದು ದಿನ ಕೆಟ್ಟ ಭಾಗವೂ ಬದಲಾಗಿಯೇ ತೀರುತ್ತದೆ ಎಂಬ ಇದರ ತರ್ಕವನ್ನು ಯಾರೂ ಅಲ್ಲಗಳೆಯಲಾರರು. ಅಷ್ಟರಲ್ಲಿ ಬಿಲ್ಲಿನ ಮೊತ್ತ ಕಾರಿನ ಬೆಲೆಯನ್ನು ಮೀರಿರುತ್ತದೆ ಎಂಬುದು ಬೇರೆ ಮಾತು.

ಈ ಪದ್ಧತಿಯಲ್ಲಿ ಪ್ರಶ್ನೆ ಕೇಳುವುದು ಅಪಶಕುನ. ಎಂಜಿನ್ ನಿಂತಾಗ ಡ್ಯಾಶ್‌ಬೋರ್ಡಿನ ದೀಪಗಳೂ ಆರಿದವೇ, ಇಲ್ಲವೇ ಎಂದು ಒಂದು ಮಾತು ಕೇಳಿದರೆ ಅರ್ಧ ದಾರಿ ಕ್ರಮಿಸಿದಂತಾಗುತ್ತದೆ. ದೀಪ, ಹಾರ್ನು, ವೈಪರು ಎಲ್ಲವೂ ಒಟ್ಟಿಗೆ ಸತ್ತರೆ ಅನುಮಾನ ಹೋಗಬೇಕಾದದ್ದು ಬ್ಯಾಟರಿಯ ಟರ್ಮಿನಲ್, ಕರೆಂಟು ಬ್ಯಾಟರಿಗೆ ಮರಳುವ ದಾರಿಯಾದ ಅರ್ತ್ ವೈರು, ಮುಖ್ಯ ಫ್ಯೂಸುಗಳ ಕಡೆಗೆ. ದೀಪಗಳು ಉರಿಯುತ್ತಲೇ ಇದ್ದು ಎಂಜಿನ್ ಮಾತ್ರ ನಿಂತರೆ ಇಗ್ನಿಷನ್ ಸ್ವಿಚ್ಚು, ಫ್ಯೂಯಲ್ ಪಂಪಿನ ರಿಲೇ, ಎಂಜಿನ್ ತಿರುಗುತ್ತಿರುವುದನ್ನು ಕಾರಿನ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಇವುಗಳ ಕಡೆಗೆ. ಆದರೆ ಹೀಗೆ ಕೇಳಿ ತಿಳಿದುಕೊಂಡರೆ ಅರ್ಧದಷ್ಟು ಬಿಡಿಭಾಗಗಳು ಮಾರಾಟವಾಗದೆ ಕಪಾಟಿನಲ್ಲೇ ಉಳಿದುಬಿಡುವ ಅಪಾಯವಿದೆ.

ಕ್ರ್ಯಾಂಕ್ ಸೆನ್ಸರಿನ ವಿಚಾರಣೆಯಂತೂ ನೋಡುವಂಥದ್ದು. ಹಳತಾದ ಸೆನ್ಸರು ಬಿಸಿಯೇರಿದಾಗ ಸಿಗ್ನಲ್ ನಿಲ್ಲಿಸಿ, ತಣ್ಣಗಾದ ಮೇಲೆ ಮತ್ತೆ ಸರಿಹೋಗುವುದು ಅನುಭವಸ್ಥರಿಗೆಲ್ಲ ಗೊತ್ತಿರುವ ಸಂಗತಿ. ಆದ್ದರಿಂದಲೇ ಕಾರನ್ನು ರಾತ್ರಿಯಿಡೀ ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡು, ಎಂಜಿನ್ ಚೆನ್ನಾಗಿ ತಣಿದ ಮೇಲೆ, ಬೆಳಗಿನ ತಂಪಿನಲ್ಲಿ ಪರೀಕ್ಷಿಸಿ, "ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತಲ್ಲ ಸಾರ್, ಏನೂ ತೊಂದರೆಯಿಲ್ಲ" ಎಂಬ ತೀರ್ಪು ಕೊಡಲಾಗುತ್ತದೆ. ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಜೋಡಿಸಿದಾಗ ಪಿ 0335 ಎಂಬ ಕೋಡ್ ಬಂದರೆ ವಿಚಾರಣೆಯೂ ಬೇಡ, ನೇರವಾಗಿ ಶಿಕ್ಷೆ. ಆ ಕೋಡ್ ಹೇಳುವುದು ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷವಿದೆ ಎಂದಷ್ಟೇ. ತಂತಿ ಸವೆದಿರಬಹುದು, ಕನೆಕ್ಟರಿನೊಳಗೆ ಕಿಲುಬು ಹಿಡಿದಿರಬಹುದು. ಅದನ್ನೆಲ್ಲ ಬಗ್ಗಿ ನೋಡುವ ಶ್ರಮ ತಪ್ಪಲಿ ಎಂದೇ ಅಲ್ಲವೇ ಯಂತ್ರವನ್ನು ತಂದದ್ದು? ಕೋಡ್ ಬಾರದಿದ್ದರೆ ಇನ್ನೂ ಅನುಕೂಲ, ಏಕೆಂದರೆ ಆಗ ರೋಗವೇ ಇಲ್ಲ. ಸೆಲ್ಫ್ ಮೋಟಾರಿನ ದಪ್ಪ ಕೇಬಲ್ಲಿನ ಮೇಲೆ ಕಣ್ಣಿಡಲು ಅನೇಕ ಹಳೆಯ ಕಾರುಗಳಲ್ಲಿ ಯಾವ ಸೆನ್ಸರೂ ಇಲ್ಲ ಎಂಬ ಅಧಿಕಪ್ರಸಂಗದ ಮಾತನ್ನು ಯಾರೂ ಎತ್ತಬಾರದು.

ಹಾಗೆ ನೋಡಿದರೆ ಇಡೀ ವ್ಯವಹಾರದಲ್ಲಿ ಅಸಲಿ ಅಪರಾಧಿ ಬಹಳ ಸಲ ಆ ಕೇಬಲ್ಲೇ, ಅದರಲ್ಲೂ ಎಂಜಿನ್ನಿನಿಂದ ಕಾರಿನ ಲೋಹದ ಒಡಲಿಗೆ ಬಿಗಿದಿರುವ, ತುದಿಯಲ್ಲಿ ತುಕ್ಕು ಹಿಡಿದ ಅರ್ತ್ ಪಟ್ಟಿ. ಸೆಲ್ಫ್ ಹೊಡೆದಾಗ ಮೋಟಾರು 150 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಆ ತುಕ್ಕಿನ ಪ್ರತಿರೋಧ ಕೇವಲ 0.01 ಓಮ್ ಇದ್ದರೂ ಅಲ್ಲೇ 1.5 ವೋಲ್ಟ್ ಸೋರಿಹೋಗುತ್ತದೆ. 5 ಆಂಪಿಯರಿನ ದೀಪದ ಕರೆಂಟು ಅದೇ ಜಾಗದಲ್ಲಿ ಹಾದುಹೋದರೂ ನಷ್ಟವಾಗುವುದು 0.05 ವೋಲ್ಟ್ ಮಾತ್ರ. ಹೀಗಾಗಿ ದೀಪ ಝಗಝಗ ಉರಿಯುತ್ತದೆ, ಮೋಟಾರು 'ಟಕ್' ಎಂದು ಸುಮ್ಮನಾಗುತ್ತದೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನ್ಯಾಯದಂತೆ ಮೋಟಾರನ್ನೇ ಕಿತ್ತೆಸೆಯಲಾಗುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ, ಯಾರಾದರೂ ಸೆಲ್ಫ್ ಹೊಡೆಯುತ್ತಿರುವಾಗ ಓದಿದರೆ ಸಾಕಿತ್ತು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಳ್ಳ ಸಿಕ್ಕಿಬಿದ್ದಂತೆ. ಆದರೆ ಉಪ್ಪುಕಾಗದದಿಂದ ಉಜ್ಜಿ ಬೋಲ್ಟು ಬಿಗಿಯುವ ಕೆಲಸಕ್ಕೆ ಬಿಲ್ಲಿನಲ್ಲಿ ಬರೆಯುವುದಾದರೂ ಏನನ್ನು?

ಈ ಪದ್ಧತಿ ಇನ್ನೂ ಬದುಕಿರುವುದಕ್ಕೆ ಒಂದು ಸೊಗಸಾದ ಕಾರಣವಿದೆ. ಸೆಲ್ಫ್ ಮೋಟಾರನ್ನಾಗಲೀ ಆಲ್ಟರ್ನೇಟರನ್ನಾಗಲೀ ಬಿಚ್ಚುವ ಮೊದಲು ಬ್ಯಾಟರಿಯ ಟರ್ಮಿನಲ್ ಕಳಚಲೇಬೇಕು, ಕೆಲಸ ಮುಗಿದ ಮೇಲೆ ಮತ್ತೆ ಬಿಗಿಯಲೇಬೇಕು. ಆ ತಿಕ್ಕಾಟದಲ್ಲಿ ಸಡಿಲವಾಗಿದ್ದ, ಬಿಳಿಯ ಪುಡಿ ಕಟ್ಟಿದ್ದ ಜೋಡಣೆ ಯಾರ ಗಮನಕ್ಕೂ ಬಾರದೆ ತಾನೇ ಸ್ವಚ್ಛವಾಗಿ ಕಾರು ಕೆಲವು ವಾರ ಗುಂಡಿನ ಹಾಗೆ ಓಡುತ್ತದೆ. ಕೀರ್ತಿಯೆಲ್ಲ ಹೊಸ ಆಲ್ಟರ್ನೇಟರಿಗೆ ಸಲ್ಲುತ್ತದೆ. ಟರ್ಮಿನಲ್ ಮತ್ತೆ ಸಡಿಲವಾದಾಗ, "ಆಲ್ಟರ್ನೇಟರ್ ಹೊಸದೇ ಇದೆ, ಹಾಗಾದರೆ ಇದು ಪಂಪೇ" ಎಂದು ಮುಂದಿನ ನಿರಪರಾಧಿಯ ಸರದಿ ಬರುತ್ತದೆ. ಪ್ರತಿಯೊಂದು ತಪ್ಪು ಚಿಕಿತ್ಸೆಯೂ ಫಲ ಕೊಡುತ್ತದೆ ಎಂದ ಮೇಲೆ ಅದನ್ನು ತಪ್ಪು ಎಂದು ಸಾಧಿಸುವುದಾದರೂ ಹೇಗೆ?

ಕೊನೆಗೆ ಬೇಸತ್ತ ಮಾಲೀಕರು ಕಾರನ್ನು ಮಾರಾಟಕ್ಕೆ ಇಡುತ್ತಾರೆ. ಜಾಹೀರಾತಿನಲ್ಲಿ ಹೊಸ ಬ್ಯಾಟರಿ, ಹೊಸ ಸೆಲ್ಫ್, ಹೊಸ ಆಲ್ಟರ್ನೇಟರ್, ಹೊಸ ಪಂಪ್, ಹೊಸ ಸೆನ್ಸರ್ ಎಂದು ಪೂರ್ತಿ ಕೇಸ್ ಶೀಟನ್ನೇ ಕಾರಿನ ಗುಣಗಾನವಾಗಿ ಅಚ್ಚು ಹಾಕಿಸಲಾಗಿರುತ್ತದೆ, ಓದಿದ ಗಿರಾಕಿಯೂ ಇಷ್ಟೆಲ್ಲ ಹೊಸದಿದ್ದ ಮೇಲೆ ಇನ್ನೇನು ಕೆಡಲು ಸಾಧ್ಯ ಎಂದು ಮುಂಗಡ ಕೊಟ್ಟು ಬರುತ್ತಾನೆ.