ಮೋತಿಲಾಲ್ ನೆಹರು ಬಟ್ಟೆ ಪ್ಯಾರಿಸ್‌ಗೆ ಹೋಗುತ್ತಿತ್ತಾ?

ವಾಟ್ಸಾಪ್‌ನಲ್ಲಿ ಆಗಾಗ ಬರುವ ಮೆಸೇಜ್ ಇದು: ಮೋತಿಲಾಲ್ ನೆಹರು ಅವರ ಬಟ್ಟೆ ಪ್ರತಿ ವಾರ ಪ್ಯಾರಿಸ್‌ಗೆ ಹೋಗಿ ಒಗೆಸಿಕೊಂಡು ಬರುತ್ತಿತ್ತಂತೆ.

ಇದು ಸುಳ್ಳು. ಹೊಸ ಸುಳ್ಳೂ ಅಲ್ಲ. 1936ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲೇ ಮಗ ಜವಾಹರಲಾಲ್ ಇದನ್ನು ಅಲ್ಲಗಳೆದಿದ್ದಾರೆ. ಎಷ್ಟು ಸಲ ಹೇಳಿದರೂ ಈ ಕಥೆ ಸಾಯುತ್ತಿಲ್ಲ ಅಂತ ಆಗಲೇ ಬೇಸರಪಟ್ಟಿದ್ದರು! ಸುಮ್ನೆ ಯೋಚಿಸಿ: ಮೋತಿಲಾಲ್ ಅವರ ವಕೀಲಿಕೆಯ ಕಾಲದಲ್ಲಿ ಯುರೋಪ್‌ಗೆ ವಿಮಾನ ಎಲ್ಲಿತ್ತು? ಅಲಹಾಬಾದ್‌ನಿಂದ ರೈಲಲ್ಲಿ ಮುಂಬೈಗೆ, ಅಲ್ಲಿಂದ ಹಡಗಿನಲ್ಲಿ ಯುರೋಪ್‌ಗೆ. ಹೋಗೋಕೇ ವಾರಗಳು ಬೇಕಿತ್ತು.

ಶ್ರೀಮಂತಿಕೆ ಮಾತ್ರ ನಿಜ. ಅಲಹಾಬಾದ್ ಹೈಕೋರ್ಟಿನ ದೊಡ್ಡ ವಕೀಲರು, ಕೈತುಂಬಾ ಫೀಸು, ವಿಲಾಯಿತಿ ಸೂಟು. ಕಥೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಫಾರ್ವರ್ಡ್‌ನಲ್ಲಿ ಬರದ ಭಾಗ ಬೇರೆ ಇದೆ. ಅಸಹಕಾರ ಚಳವಳಿ ಶುರುವಾದಾಗ ಅವರು ವಕೀಲಿಕೆ ಬಿಟ್ಟರು, ಖಾದಿ ಉಟ್ಟರು. 1921ರ ಡಿಸೆಂಬರ್‌ನಲ್ಲಿ ಅಪ್ಪ, ಮಗ ಇಬ್ಬರೂ ಜೈಲಿಗೆ. 1930ರಲ್ಲಿ ತಮ್ಮ ಹಳೆಯ ಬಂಗಲೆಯನ್ನೇ ಕಾಂಗ್ರೆಸ್‌ಗೆ ಕೊಟ್ಟರು, ಅದೇ ಸ್ವರಾಜ್ ಭವನ.

ಇನ್ನೊಂದು ಕಥೆ: ಜವಾಹರಲಾಲ್ ಬ್ರಿಟನ್ನಿನ ಯುವರಾಜನ ಸಹಪಾಠಿಯಂತೆ. ಅದೂ ಸುಳ್ಳು. ಆತನನ್ನು ನಾನು ಭೇಟಿಯೇ ಆಗಿಲ್ಲ ಅಂತ ಅದೇ ಪುಸ್ತಕದಲ್ಲಿ ಬರೆದಿದ್ದಾರೆ.