ಊದಿಸುವ ಯಂತ್ರ ವಾರ್ಡಿಗೂ ಬರಲಿ

ರಾತ್ರಿ ಹನ್ನೊಂದಕ್ಕೆ ಸ್ಕೂಟರ್ ಅಡ್ಡ ಹಾಕಿ ಬಾಯಿಗೆ ಯಂತ್ರ ಹಿಡಿಯುವ ಟ್ರಾಫಿಕ್ ಪೊಲೀಸರು ಒಮ್ಮೆ ದೊಡ್ಡಾಸ್ಪತ್ರೆ ಕಡೆಗೂ ಬರಬೇಕು. ಆಪರೇಷನ್ ಥಿಯೇಟರ್ ಬಾಗಿಲ ಹತ್ತಿರ ನಿಂತರೆ ಸಾಕು.

ನಮ್ಮ ಕಾನೂನಿನಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಗಾಡಿ ಓಡಿಸುವ ಹಾಗಿಲ್ಲ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಒಂದಷ್ಟು ಜನರಿಗೆ ಒಮ್ಮೆ ಕುಡಿಸಿ, ಇನ್ನೊಮ್ಮೆ ನಿದ್ದೆಗೆಡಿಸಿ, ಕೈ-ಕಣ್ಣಿನ ಹಿಡಿತ ಅಳೆದರು. 24 ಗಂಟೆ ಎಚ್ಚರ ಇದ್ದವರು, ಅಷ್ಟೇ ರಕ್ತಕ್ಕೆ 100 ಮಿಲಿಗ್ರಾಂ ಆಗುವಷ್ಟು ಏರಿಸಿದವರಷ್ಟೇ ತಡವರಿಸುತ್ತಿದ್ದರು. ಅಂದರೆ ನಮ್ಮ ಮಿತಿಯ ಮೂರು ಪಟ್ಟಿಗೂ ಜಾಸ್ತಿ. ಆ ಕೈಗೆ ನಾವು ಸ್ಕೂಟರ್ ಕೀ ಕೊಡುವುದಿಲ್ಲ. ಡಾಕ್ಟರದ್ದಾದರೆ ಸೂಜಿ, ಕತ್ತರಿ ಕೊಡುತ್ತೇವೆ. ನಿದ್ದೆಗೆಟ್ಟವರ ಬಾಯಿ ವಾಸನೆ ಬರಲ್ಲ, ಅಲ್ವಾ?

ನಿಯಮ ಇಲ್ಲ ಅಂದುಕೊಳ್ಳಬೇಡಿ. ರೆಸಿಡೆಂಟ್ ಡಾಕ್ಟರಿಗೆ, ಅಂದರೆ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುತ್ತಲೇ ಪಿಜಿ (ಸ್ನಾತಕೋತ್ತರ) ಓದುವವರಿಗೆ, ಒಂದೇ ಸಮ 12 ಗಂಟೆಗಿಂತ, ವಾರಕ್ಕೆ 48 ಗಂಟೆಗಿಂತ ಜಾಸ್ತಿ ಡ್ಯೂಟಿ ಹಾಕಬಾರದು ಅಂತ ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ ಹೇಳಿದೆ. ಲಕ್ಷ್ಮಣ ಕಾಡಿನಲ್ಲಿ ಎಚ್ಚರ ಇದ್ದ 14 ವರ್ಷವೂ ಅವನ ಪಾಲಿನ ನಿದ್ದೆಯನ್ನು ಊರ್ಮಿಳೆ ಮಾಡಿದಳಂತೆ. ಡಾಕ್ಟರುಗಳ ಪಾಲಿನದನ್ನು ಈ ಆದೇಶ ಮಾಡುತ್ತಿದೆ. ಊರ್ಮಿಳೆಯಾದರೂ ಕೊನೆಗೆ ಎದ್ದಳು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ಮತ್ತೆ ಲೆಕ್ಕ ಹಾಕಿ, ವಾರಕ್ಕೆ 74 ಗಂಟೆ ದಾಟದಿರಲಿ ಎಂದಿತು. 48 ಇದ್ದದ್ದು 74 ಆಯಿತು. ದೇಶ ಮುಂದೆ ಹೋಗುತ್ತಿದೆ ಅನ್ನೋದು ಸುಮ್ನೆ ಅಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಮೆಡಿಸಿನ್ ವಾರ್ಡು ನೋಡಿ. ಅಡ್ಮಿಷನ್ ಡೇ, ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ಸರದಿ. ಹಿಂದಿನ ದಿನ ಬೆಳಗ್ಗೆ ಎಂಟಕ್ಕೆ ಬಂದ ಪಿಜಿ ಹುಡುಗಿ ಕೇಸ್ ಶೀಟ್ ಬರೆಯುತ್ತಿದ್ದಾಳೆ. ಮೊದಲ ಎರಡು ಸಾಲು ನೆಟ್ಟಗಿವೆ. ಮೂರನೆಯದು ಇಳಿಜಾರು. ನಾಲ್ಕನೆಯದರಲ್ಲಿ ಪೆನ್ನು ಕಾಗದದ ಅಂಚಿನವರೆಗೂ ಜಾರಿಕೊಂಡು ಹೋಗಿದೆ. ಅರ್ಧ ಮಿಲಿಗ್ರಾಂ ಇರಬೇಕಾದ ಕಡೆ ಐದು ಅಂತಿದೆ. ಚುಕ್ಕಿಯೂ ಎಲ್ಲೋ ಮಲಗಿರಬೇಕು. ರೋಗಿಯ ಪುಣ್ಯ, ಸಿಸ್ಟರ್ ಕಣ್ಣಿಗೆ ಬಿತ್ತು. ಸಿಸ್ಟರಿಗೂ ಅದು ಸಾಲಾಗಿ ನಾಲ್ಕನೇ ನೈಟು. ಡ್ರಿಪ್ ಹಾಕಿಸಿಕೊಂಡ ಅಜ್ಜ ಇದನ್ನೆಲ್ಲ ನೋಡಿ, “ಮಗಾ, ನೀನು ಇಲ್ಲಿ ಸ್ವಲ್ಪ ಮಲಕ್ಕೋ, ನಾನು ಕೂತಿರ್ತೀನಿ” ಅಂದ. ಆಸ್ಪತ್ರೆಯಲ್ಲಿ ರೋಗ ಸರಿಯಾಗಿ ಗುರುತಿಸಿದವನು ಅವನೊಬ್ಬನೇ.

ಬೆಳಗ್ಗೆ ರೌಂಡ್ಸ್. ಮನೆಯಲ್ಲಿ ಚೆನ್ನಾಗಿ ಮಲಗೆದ್ದು ಬಂದ ಚೀಫ್, “ನಮ್ಮ ಕಾಲದಲ್ಲಿ ಎರಡು ದಿನ ನಿಂತೇ ಇರ್ತಿದ್ವಮ್ಮ” ಅನ್ನುತ್ತಾರೆ. ಇದ್ದಿರಬಹುದು. ಈ ರೆಸಿಡೆನ್ಸಿ ಪದ್ಧತಿಯನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶುರುಮಾಡಿದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಮೊದಲು ಕೊಕೇನ್, ಆಮೇಲೆ ಮಾರ್ಫಿನ್ ಚಟಕ್ಕೆ ಬಿದ್ದವರು. ಪದ್ಧತಿ ಪ್ರಪಂಚವೆಲ್ಲ ಹರಡಿತು. ಜೊತೆಗೆ ನಮ್ಮ ಮಕ್ಕಳಿಗೆ ಕೊಟ್ಟಿದ್ದು ಮಾತ್ರ ಕ್ಯಾಂಟೀನ್ ಟೀ.

ಒಂದು ಸಣ್ಣ ಬೇಡಿಕೆ. ಆಪರೇಷನ್‌ಗೆ ಮುಂಚೆ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಸೇರಿಸಿ: ಡಾಕ್ಟರು ಕೊನೆಯ ಸಲ ಮಲಗಿದ್ದು ಯಾವಾಗ? ರೋಗಿಯನ್ನಂತೂ ಕೇಳೇ ಕೇಳ್ತಾರೆ, ರಾತ್ರಿ ಏನು ತಿಂದ್ರಿ, ಎಷ್ಟೊತ್ತಿಗೆ ತಿಂದ್ರಿ ಅಂತ. ಆ ಸಾಲು ತುಂಬುವ ಕೆಲಸ ಮಾತ್ರ ಪಿಜಿಗೆ ಕೊಡಬೇಡಿ. ತಾರೀಖು ತಪ್ಪು ಬರೆದಾಳು.